ದಿನ ಎಣಿಸಿದ್ದು ಸಾಕು, ಅಲೆದಾಟ ಎಣಿಸೋಣ

ಕಳೆದ ಕ್ರಿಸ್ಮಸ್ ಹಬ್ಬಕ್ಕೆ ಊರಿಗೆ ಬಂದಿದ್ದ ಹಿರಿಯರೊಬ್ಬರು ಬಲಿಪೂಜೆ ಮುಗಿದ ಮೇಲೆ ನನ್ನ ಕಚೇರಿಗೆ ಬಂದು ಕುಳಿತರು. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಕರಾವಳಿಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರು ಅವರು. ಕಾರ್ಖಾನೆಯೊಂದರಲ್ಲಿ ದುಡಿದು ಯಲಹಂಕದ ಕಡೆ ಒಂದು ಪುಟ್ಟ ಮನೆ ಮಾಡಿಕೊಂಡಿದ್ದಾರೆ. ಮನೆ ಪತ್ನಿಯ ಹೆಸರಿನಲ್ಲಿತ್ತು. ಪತ್ನಿ ತೀರಿಕೊಂಡ ಮೇಲೆ ಖಾತೆಯನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಉತ್ತರ ಬೆಂಗಳೂರಿನ ಕಚೇರಿಯೊಂದಕ್ಕೆ ಅಲೆದ ಕಥೆಯನ್ನು ಅವರು ಹೇಳಿದರು.

ಮೊದಲ ಸಲ ಹೋದಾಗ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷವೂ ಬೇಕೆಂದರು. ಅದು ಇನ್ನೊಂದು ಕಚೇರಿಯಿಂದ ಬರಬೇಕು. ಅದನ್ನು ಮಾಡಿಸಿಕೊಂಡು ಎರಡನೆಯ ಸಲ ಹೋದಾಗ ಕ್ರಯಪತ್ರದಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ತಾಳೆಯಿಲ್ಲ, ಅಫಿಡವಿಟ್ ತನ್ನಿ ಎಂದರು. ನಮ್ಮ ಡಿಸೋಜ, ಡಿಸಿಲ್ವ ಕುಟುಂಬದವರಿಗೆಲ್ಲ ಈ ತೊಂದರೆ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಅಕ್ಷರದ ಪಕ್ಕದಲ್ಲಿ, ಮೇಲೆ ಹಾಕುವ ಸಣ್ಣ ಗೀಟು ಒಂದು ದಾಖಲೆಯಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಮೂರನೆಯ ಸಲ ಹೋದಾಗ ಅಧಿಕಾರಿ ಸಮೀಕ್ಷೆಯ ಕೆಲಸಕ್ಕೆ ಹೋಗಿದ್ದರು. ನಾಲ್ಕನೆಯ ಸಲ ಇಬ್ಬರು ಹೆಣ್ಣುಮಕ್ಕಳ ಒಪ್ಪಿಗೆ ಪತ್ರ ಕೇಳಿದರು. ಐದನೆಯ ಸಲ ಅರ್ಜಿ ತೆಗೆದುಕೊಂಡರು.

“ಫಾದರೇ, ಯಾರೂ ಬೈಯಲಿಲ್ಲ. ಯಾರೂ ದುಡ್ಡು ಕೇಳಲಿಲ್ಲ. ಆದರೂ ಒಂದು ಅರ್ಜಿ ಕೊಡುವುದಕ್ಕೇ ನನಗೆ ಹನ್ನೊಂದು ವಾರ ಹಿಡಿಯಿತು” ಎಂದರು ಅವರು.

ಅರ್ಜಿ ಕೊಟ್ಟ ಮೇಲೆ ಕೆಲಸ ಬೇಗನೆ ಆಯಿತಂತೆ. ಕಾಯ್ದೆ ಹೇಳಿದ ಗಡುವಿಗಿಂತ ಮುಂಚೆಯೇ ಆಯಿತು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಈ ಅರ್ಜಿ ‘ಅವಧಿಯೊಳಗೆ ವಿಲೇವಾರಿ’ ಆದ ಸಾಲಿಗೆ ಸೇರುತ್ತದೆ. ಆ ಹನ್ನೊಂದು ವಾರ ಯಾವ ಲೆಕ್ಕದಲ್ಲೂ ಇಲ್ಲ. ಹೆಬ್ಬಾಳದ ಮೇಲ್ಸೇತುವೆಯ ವಾಹನ ದಟ್ಟಣೆಯಲ್ಲಿ ಅವರು ಬಸ್ಸಿನೊಳಗೆ ನಿಂತು ಕಳೆದ ಹೊತ್ತೂ ಎಲ್ಲಿಯೂ ಬರೆದಿಲ್ಲ.

ಪ್ರಿಯ ಓದುಗರೇ, ಸರ್ಕಾರಿ ಕಚೇರಿಗಳ ಕಾರ್ಯಕ್ಷಮತೆಯ ಬಗ್ಗೆ ಇಂದು ಬಹಳ ಮಾತು ಕೇಳಿಬರುತ್ತಿದೆ. ಕಾರು ತಯಾರಿಸುವ ಕಂಪೆನಿಗಳ ‘ಲೀನ್’ ನಿರ್ವಹಣೆಯನ್ನು ಸರ್ಕಾರಕ್ಕೂ ತರಬೇಕು ಎನ್ನುವವರಿದ್ದಾರೆ. ಅದರಿಂದ ನೌಕರರಿಗೆ ಕುತ್ತು ಎನ್ನುವವರೂ ಇದ್ದಾರೆ. ಈ ಹಿರಿಯರ ಐದು ಸುತ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಚಾರವನ್ನು ಸ್ವಲ್ಪ ಪರಿಶೀಲಿಸೋಣ.

ಏನಿದು ‘ಲೀನ್’?

ಲೀನ್ ಎಂದರೆ ನಮ್ಮ ಕರಾವಳಿಯ ಮಾತಿನಲ್ಲಿ ‘ಸಪೂರ’. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಟೊಯೊಟಾ ಕಂಪೆನಿಯಲ್ಲಿ ತೈಚಿ ಓನೊ ಎಂಬ ಎಂಜಿನಿಯರ್ ರೂಪಿಸಿದ ಕೆಲಸದ ವಿಧಾನಕ್ಕೆ 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಸಂಶೋಧಕ ಈ ಹೆಸರು ಕೊಟ್ಟರು. ಗ್ರಾಹಕನಿಗೆ ಉಪಯೋಗವಾಗದ ಯಾವುದೇ ಕೆಲಸ ವ್ಯರ್ಥ ಎಂಬುದು ಇದರ ಮೂಲ ವಿಚಾರ. ವ್ಯರ್ಥಕ್ಕೆ ಜಪಾನಿ ಭಾಷೆಯಲ್ಲಿ ‘ಮುದಾ’ ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಮುದ ಎಂದರೆ ಸಂತೋಷ! ಬೇಡದ ಕೆಲಸವನ್ನು ಸಂತೋಷದಿಂದ ಮಾಡಿಕೊಂಡು ಹೋಗುವ ಕಚೇರಿಗಳಿಗೆ ಎರಡು ಅರ್ಥವೂ ಹೊಂದುತ್ತದೆ.

ಓನೊ ಏಳು ಬಗೆಯ ವ್ಯರ್ಥವನ್ನು ಪಟ್ಟಿ ಮಾಡಿದ್ದರು: ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸಾಮಾನನ್ನು ಸುಮ್ಮನೆ ಅತ್ತಿತ್ತ ಸಾಗಿಸುವುದು, ಅಗತ್ಯಕ್ಕಿಂತ ಹೆಚ್ಚು ಸಂಸ್ಕರಿಸುವುದು, ದಾಸ್ತಾನು ಪೇರಿಸುವುದು, ಅನಗತ್ಯ ಓಡಾಟ, ಮತ್ತು ದೋಷ. ಈ ಪಟ್ಟಿಯನ್ನು ಯಾವುದಾದರೂ ತಾಲೂಕು ಕಚೇರಿಗೆ ಹಿಡಿದುಕೊಂಡು ಹೋಗಿ. ಮೇಜಿನ ಮೇಲೆ ಬಾಕಿ ಉಳಿದ ಕಡತಗಳೇ ದಾಸ್ತಾನು. ಕಡತ ಒಬ್ಬರ ಸಹಿಯಿಂದ ಇನ್ನೊಬ್ಬರ ಸಹಿಗೆ ಹೋಗುವುದೇ ಸಾಗಾಟ. ಬೆಂಚಿನ ಮೇಲೆ ಕುಳಿತ ನಾವೇ ಕಾಯುವಿಕೆ. ಹೆಸರಿನ ಒಂದು ಅಕ್ಷರ ತಪ್ಪಿದರೆ ಅದೇ ದೋಷ.

ಈ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ 1999ರ ಕೊನೆಯಿಂದ ಟೊಯೊಟಾ ಕಾರುಗಳು ತಯಾರಾಗುತ್ತಿವೆ. ದೋಷ ಕಂಡರೆ ಸಾಲಿನಲ್ಲಿ ನಿಂತ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಸಹಾಯ ಕರೆಯಬಹುದು, ಅಗತ್ಯವಾದರೆ ಇಡೀ ಸಾಲನ್ನೇ ನಿಲ್ಲಿಸಬಹುದು ಎಂಬುದು ಆ ಕಂಪೆನಿಯ ಪದ್ಧತಿ. ದೋಷವನ್ನು ಮುಂದಕ್ಕೆ ತಳ್ಳಬಾರದು, ಹುಟ್ಟಿದ ಜಾಗದಲ್ಲೇ ಸರಿಪಡಿಸಬೇಕು. ನಮ್ಮ ಕಚೇರಿಗಳಲ್ಲಿ ಇಂಥ ಹಗ್ಗ ಯಾರ ಕೈಯಲ್ಲಿದೆ?

ಕರ್ನಾಟಕ ಹಿಂದೆಯೇ ಮಾಡಿ ತೋರಿಸಿದ್ದು

ಲೀನ್ ಎಂಬ ಹೆಸರು ಹೇಳದೆಯೇ ಕರ್ನಾಟಕ ಈ ದಾರಿಯಲ್ಲಿ ಹಲವು ಹೆಜ್ಜೆ ಇಟ್ಟಿದೆ.

2000ದ ಸುಮಾರಿಗೆ ರಾಜ್ಯವ್ಯಾಪಿಯಾದ ‘ಭೂಮಿ’ ಯೋಜನೆ ಮೊದಲನೆಯದು. ಅಲ್ಲಿಯವರೆಗೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಅವರು ಸಿಕ್ಕಿದಾಗ, ಮನಸ್ಸು ಮಾಡಿದಾಗ ರೈತನಿಗೆ ಪ್ರತಿ ಸಿಗುತ್ತಿತ್ತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲೂಕು ಕೇಂದ್ರದ ಕಿಂಡಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ವ್ಯವಸ್ಥೆಯಾಯಿತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುವಂಥದ್ದಲ್ಲ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲಿಯೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶವೇ ಕಟ್ಟುಪಾಡು ಹಾಕಿತು. ಹಿಂದೆ ಬಂದವನ ಕಡತವನ್ನು ಮೇಲಕ್ಕೆ ಎತ್ತಿಡುವ ಅವಕಾಶ ತಪ್ಪಿತು.

ಎರಡನೆಯದು ಬೆಂಗಳೂರು ಮಹಾನಗರ ಪಾಲಿಕೆ 2000ದಲ್ಲಿ ತಂದ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ. ಅಧಿಕಾರಿ ಮನೆಗೆ ಬಂದು ಅಳೆದು ತೆರಿಗೆ ನಿಗದಿ ಮಾಡುವ ಬದಲು ಮಾಲೀಕರೇ ಲೆಕ್ಕ ಹಾಕಿ ಕಟ್ಟುವಂತಾಯಿತು. ಒಂದು ಹಂತವೇ ಇಲ್ಲವಾಯಿತು. ಅದರೊಂದಿಗೆ ಆ ಹಂತದಲ್ಲಿ ನಡೆಯುತ್ತಿದ್ದ ಚೌಕಾಸಿಯೂ ಕಡಿಮೆಯಾಯಿತು. ಪಾಲಿಕೆಯ ಆದಾಯ ಹೆಚ್ಚಿತು.

ಮೂರನೆಯದು ಕೇಂದ್ರ ಸರ್ಕಾರದ ಪಾಸ್‌ಪೋರ್ಟ್ ಸೇವಾ ಕೇಂದ್ರ. ಇದರ ಪ್ರಯೋಗ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಗಲ್ಫ್ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿದ ನಮ್ಮ ಕುಟುಂಬಗಳಿಗೆ ಹಳೆಯ ಪಾಸ್‌ಪೋರ್ಟ್ ಕಚೇರಿಯ ಪಾಡು ನೆನಪಿರಬಹುದು. ಈಗ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದರೆ ಎ, ಬಿ, ಸಿ ಎಂಬ ಮೂರು ಕೌಂಟರುಗಳನ್ನು ಒಂದಾದ ಮೇಲೊಂದು ದಾಟಿ ಅದೇ ದಿನ ಹೊರಗೆ ಬರುತ್ತೇವೆ. ಕಾಗದದಲ್ಲಿ ಕೊರತೆಯಿದ್ದರೆ ಮೊದಲ ಕೌಂಟರಿನಲ್ಲೇ ತಿಳಿಯುತ್ತದೆ.

ಈ ಮೂರರಲ್ಲೂ ಸಾಮಾನ್ಯವಾದ ಒಂದು ಅಂಶವಿದೆ. ಯಾವುದರಲ್ಲೂ ನೌಕರನಿಗೆ ‘ಬೇಗ ಬೇಗ ಮಾಡು’ ಎಂದು ಹೇಳಲಿಲ್ಲ. ಕೆಲಸದ ದಾರಿಯನ್ನೇ ತಿದ್ದಿದರು.

ಸಕಾಲದ ಸಾಧನೆ, ಸಕಾಲದ ಮಿತಿ

ನಾಲ್ಕನೆಯ ಹೆಜ್ಜೆ ‘ಸಕಾಲ’. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯ ಪ್ರಯೋಗಕ್ಕೆ ನಾಲ್ಕು ತಾಲೂಕುಗಳನ್ನು ಆರಿಸಿದ್ದರು. ಬೀದರಿನ ಔರಾದ್, ಚಿತ್ರದುರ್ಗ, ಧಾರವಾಡಗಳ ಜೊತೆಗೆ ನಮ್ಮ ಪುತ್ತೂರೂ ಅದರಲ್ಲಿತ್ತು. 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಅದು ರಾಜ್ಯಾದ್ಯಂತ ಜಾರಿಗೆ ಬಂತು. ಮುಂದೆ ಸೇವೆಗಳ ಸಂಖ್ಯೆ ಸಾವಿರ ದಾಟಿತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಸಂಖ್ಯೆಯುಳ್ಳ ರಸೀದಿ ಸಿಗುತ್ತದೆ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಆ ಹಣ ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಹೋಗುತ್ತದೆ.

ಇದು ಸಣ್ಣ ಸಾಧನೆಯಲ್ಲ. ‘ನಾಳೆ ಬಾ’ ಎಂಬ ಮಾತಿಗೆ ಮೊದಲ ಬಾರಿ ಕಾನೂನಿನ ಕಡಿವಾಣ ಬಿತ್ತು. ಬಡವನ ಕೈಗೆ ಒಂದು ಸಂಖ್ಯೆ, ಒಂದು ದಿನಾಂಕ ಬಂತು. ದಯೆಯಿಂದ ಸಿಗುತ್ತಿದ್ದುದು ಹಕ್ಕಾಯಿತು.

ಆದರೆ ಸಕಾಲದ ಗಡಿಯಾರ ಓಡಲು ಆರಂಭಿಸುವುದು ಅರ್ಜಿ ಸ್ವೀಕಾರವಾದ ಮೇಲೆ. ಅದಕ್ಕಿಂತ ಮುಂಚಿನ ಅಲೆದಾಟ ಅದಕ್ಕೆ ಕಾಣಿಸುವುದಿಲ್ಲ. ತಿರಸ್ಕೃತವಾದ ಅರ್ಜಿಯೂ ‘ವಿಲೇವಾರಿ’ಯ ಲೆಕ್ಕಕ್ಕೇ ಸೇರುತ್ತದೆ. ಗಡುವನ್ನಷ್ಟೇ ಅಳೆಯುವಾಗ ಗಡುವನ್ನು ಉಳಿಸಿಕೊಳ್ಳುವ ಸುಲಭ ದಾರಿಗಳೂ ಹುಟ್ಟಿಕೊಳ್ಳುತ್ತವೆ. ಕಾಗದ ಪೂರ್ಣವಿಲ್ಲ ಎಂದು ಅರ್ಜಿಯನ್ನೇ ತೆಗೆದುಕೊಳ್ಳದಿರುವುದು ಒಂದು ದಾರಿ. ಕೊನೆಯ ದಿನ ಏನಾದರೊಂದು ಕಾರಣ ಬರೆದು ತಿರಸ್ಕರಿಸುವುದು ಇನ್ನೊಂದು. ಹಾಗೆ ಮಾಡುವವರೆಲ್ಲ ಕೆಟ್ಟವರೆಂದು ಹೇಳಲಾಗದು. ಯಾವುದನ್ನು ಅಳೆಯುತ್ತೇವೋ ಮನುಷ್ಯರು ಅದನ್ನೇ ಕಾಪಾಡಿಕೊಳ್ಳುತ್ತಾರೆ.

ಬ್ರಿಟನ್ನಿನ ಆಡಳಿತ ಚಿಂತಕ ಜಾನ್ ಸೆಡನ್ ಇದನ್ನು ಸರಳವಾಗಿ ವಿವರಿಸಿದ್ದಾರೆ. ಕಚೇರಿಗೆ ಬರುವ ಜನರಲ್ಲಿ ಎರಡು ಬಗೆ. ಒಂದು ಬಗೆಯವರು ಸೇವೆ ಬೇಕೆಂದು ಬಂದವರು. ಇನ್ನೊಂದು ಬಗೆಯವರು ಹಿಂದಿನ ಸಲ ಕೆಲಸ ಆಗಲಿಲ್ಲವೆಂದು, ಅಥವಾ ತಪ್ಪಾಗಿ ಆಯಿತೆಂದು ಮತ್ತೆ ಬಂದವರು. ಎರಡನೆಯದು ಸೋಲಿನಿಂದ ಹುಟ್ಟಿದ ಬೇಡಿಕೆ. ಕಚೇರಿಯಲ್ಲಿ ಜನಜಂಗುಳಿ ಹೆಚ್ಚಿದೆ, ಸಿಬ್ಬಂದಿ ಸಾಲದು ಎನ್ನುವಾಗ ಆ ಜಂಗುಳಿಯಲ್ಲಿ ಎಷ್ಟು ಮಂದಿ ಎರಡನೆಯ, ಮೂರನೆಯ ಸಲ ಬಂದವರು ಎಂದು ಯಾರಾದರೂ ಕೇಳಬೇಕು. ನಮ್ಮ ಹಿರಿಯರ ಐದು ಭೇಟಿಗಳಲ್ಲಿ ನಿಜವಾಗಿ ಬೇಕಾದದ್ದು ಒಂದೇ. ಉಳಿದ ನಾಲ್ಕು ಅವರ ಸಮಯವನ್ನು ತಿಂದವು, ಕೌಂಟರಿನಲ್ಲಿದ್ದ ನೌಕರರ ಸಮಯವನ್ನೂ ತಿಂದವು.

ಯಲಹಂಕದ ಗಾಲಿ ಹೇಳುವ ಪಾಠ

ಅದೇ ಯಲಹಂಕದಲ್ಲಿ ಇದಕ್ಕೆ ಒಳ್ಳೆಯ ಹೋಲಿಕೆಯೊಂದು ಸಿಗುತ್ತದೆ. 1984ರಲ್ಲಿ ‘ವೀಲ್ ಅಂಡ್ ಆಕ್ಸಲ್ ಪ್ಲಾಂಟ್’ ಎಂಬ ಹೆಸರಿನಲ್ಲಿ ಆರಂಭವಾದ, ಈಗ ರೈಲು ಗಾಲಿ ಕಾರ್ಖಾನೆ ಎಂದು ಕರೆಯಲ್ಪಡುವ ಭಾರತೀಯ ರೈಲ್ವೆಯ ಘಟಕ ಅಲ್ಲಿದೆ. ರೈಲ್ವೆಯ ಸವೆದ ಗಾಲಿಗಳನ್ನೂ ಇತರ ಗುಜರಿ ಉಕ್ಕನ್ನೂ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಅಲ್ಲಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಪ್ರತಿ ಗಾಲಿಯೂ ತಪಾಸಣೆಗಳನ್ನು ದಾಟಬೇಕು. ಅದರ ಮೇಲೆ ಸಾವಿರಾರು ಪ್ರಯಾಣಿಕರ ಜೀವ ನಿಂತಿರುತ್ತದೆ. ಆದ್ದರಿಂದ ಸರ್ಕಾರಿ ಸಂಸ್ಥೆ ಎಂದರೆ ಅಸಡ್ಡೆ ಎಂದೇ ಅರ್ಥವಲ್ಲ. ಅಲ್ಲಿ ದುಡಿಯುವವರೂ ಸರ್ಕಾರಿ ನೌಕರರೇ.

ಒಂದು ವ್ಯತ್ಯಾಸ ಮಾತ್ರ ಇದೆ. ಕಾರ್ಖಾನೆಯಲ್ಲಿ ಒಂದು ಗಾಲಿ ಕೆಟ್ಟರೆ ಅದು ಮತ್ತೆ ಕುಲುಮೆಗೆ ಹೋಗುತ್ತದೆ. ಉರಿದ ವಿದ್ಯುತ್ತು, ಹೋದ ಹೊತ್ತು ಎಲ್ಲವೂ ಕಾರ್ಖಾನೆಯ ಲೆಕ್ಕಕ್ಕೇ ನಷ್ಟ. ಎಲ್ಲಿ ತಪ್ಪಿತೆಂದು ಹುಡುಕದೆ ಗತಿಯಿಲ್ಲ. ನಾಗರಿಕ ಸೇವೆಯ ಕಚೇರಿಯಲ್ಲಿ ಒಂದು ಅರ್ಜಿ ಕೆಟ್ಟರೆ ಅದು ನಾಗರಿಕನ ಕೈಗೆ ವಾಪಸು ಬರುತ್ತದೆ. ನಷ್ಟ ಅವನದು. ಕಚೇರಿಗೆ ಅದು ಗೊತ್ತೇ ಆಗುವುದಿಲ್ಲ. ಆರ್.ಟಿ. ನಗರದಲ್ಲಿ ಮನೆಗೆಲಸ ಮಾಡುವ ಹೆಂಗಸು, ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ ಒಂದು ಸುತ್ತು ಹೆಚ್ಚು ಬಂದರೆ ಅಂದಿನ ಕೂಲಿ ಹೋಯಿತು. ಹಾಗೆ ಸರ್ಕಾರದ ವ್ಯರ್ಥಕ್ಕೆ ಬಡವರು ತಮ್ಮ ಕೂಲಿಯಿಂದ ಬೆಲೆ ತೆರುತ್ತಿದ್ದಾರೆ. ಹಣವಿದ್ದವರು ಮಧ್ಯವರ್ತಿಗೆ ಕೊಟ್ಟು ಮನೆಯಲ್ಲೇ ಕುಳಿತಿರುತ್ತಾರೆ.

ಸಪೂರ ಮಾಡುವುದೆಂದರೆ ಉಪವಾಸ ಕೆಡವುವುದಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. ಲೀನ್ ಹೆಸರಿನಲ್ಲಿ ನೌಕರರನ್ನು ಹಿಂಡಿದ ಉದಾಹರಣೆಗಳೂ ಇವೆ. ಬ್ರಿಟನ್ನಿನ ತೆರಿಗೆ ಇಲಾಖೆ 2000ದ ದಶಕದ ನಡುವೆ ಈ ಪದ್ಧತಿಯನ್ನು ತಂದಾಗ ನೌಕರರ ಸಂಘ ಅದರ ವಿರುದ್ಧ ಮುಷ್ಕರಕ್ಕೆ ಇಳಿಯಿತು. ಮೇಜಿನ ಮೇಲೆ ಪೆನ್ನು ಎಲ್ಲಿ, ಸ್ಟೇಪ್ಲರ್ ಎಲ್ಲಿ ಎಂದು ಟೇಪ್ ಅಂಟಿಸಿ ಗುರುತು ಹಾಕಿದ ಸುದ್ದಿ 2007ರಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ನಗೆಪಾಟಲಾಯಿತು. ನಮ್ಮ ಬಿಡದಿಯಲ್ಲೇ 2020ರ ನವೆಂಬರಿನಲ್ಲಿ ಆರಂಭವಾದ ಕಾರ್ಮಿಕ ವಿವಾದ ತಿಂಗಳುಗಟ್ಟಲೆ ನಡೆಯಿತು. ಉತ್ಪಾದನೆಯ ಗುರಿ ಏರಿಸಿ ಕೆಲಸದ ಒತ್ತಡ ಹೆಚ್ಚಿಸಿದ್ದಾರೆಂಬುದು ಕಾರ್ಮಿಕರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಕಂಪೆನಿ ಅದನ್ನು ಒಪ್ಪಲಿಲ್ಲ. ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಒಳ್ಳೆಯ ಪದ್ಧತಿ ಹುಟ್ಟಿದ ಮನೆಯಲ್ಲೂ ಇಂಥ ಪ್ರಶ್ನೆ ಎದ್ದಿದೆ ಎಂಬುದನ್ನು ಮರೆಯಬಾರದು.

ನಮ್ಮ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆಗಳು ಖಾಲಿ ಇರುವ ವಿಷಯ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಒಬ್ಬ ಗುಮಾಸ್ತ ಇಬ್ಬರ ಕೆಲಸ ಮಾಡುತ್ತಿರುವಾಗ, ಅದರ ಮೇಲೆ ಚುನಾವಣೆ, ಸಮೀಕ್ಷೆಗಳ ಹೊರೆ ಬೀಳುವಾಗ, ಲೀನ್ ಎಂದು ಹೇಳಿ ಇನ್ನಷ್ಟು ಹುದ್ದೆ ಕಡಿತ ಮಾಡಿದರೆ ಅದು ಸಪೂರ ಮಾಡಿದಂತಲ್ಲ, ಉಪವಾಸ ಕೆಡವಿದಂತೆ. ಕೊಬ್ಬು ಕರಗಿಸಬೇಕಾದದ್ದು ಕೆಲಸದ ದಾರಿಯಲ್ಲಿ. ನಾಲ್ಕು ಅನಗತ್ಯ ಭೇಟಿ ಉಳಿದರೆ ಆ ಸಮಯ ನೌಕರನಿಗೂ ಸಿಗುತ್ತದೆ. ಅದನ್ನು ಅವನು ಎದುರಿಗೆ ನಿಂತ ಮುದುಕಿಗೆ ಸಮಾಧಾನದಿಂದ ವಿವರಿಸಲು ಬಳಸಬಹುದು.

ಕಂಪ್ಯೂಟರ್ ತಂದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. 2024ರಲ್ಲಿ ಬೆಂಗಳೂರಿನ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಉದ್ದೇಶ ಒಳ್ಳೆಯದೇ ಇತ್ತು. ನಕಲಿ ದಾಖಲೆಗಳಿಗೆ ತಡೆ ಬೇಕಿತ್ತು. ಆದರೆ ಹಳೆಯ ದಾಖಲೆಯ ತಪ್ಪುಗಳು ತಿದ್ದುಪಡಿಯಾಗದೆ ಹೊಸ ಪರದೆಯ ಮೇಲೆ ಬಂದಾಗ ಜನ ಮತ್ತೆ ಕಚೇರಿಯ ಮುಂದೆ ಸಾಲು ನಿಂತರು. ತಪ್ಪನ್ನು ವೇಗವಾಗಿ ಸಾಗಿಸುವ ಯಂತ್ರ ಅದನ್ನು ತಿದ್ದುವುದಿಲ್ಲ.

ಏನು ಮಾಡಬಹುದು?

2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಒಂದೇ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಯಲಹಂಕ, ಹೆಬ್ಬಾಳಗಳು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿವೆ. ಹೊಸ ಮನೆಗೆ ಹೋಗುವಾಗ ಹಳೆಯ ಗುಜರಿಯನ್ನೆಲ್ಲ ಹೊತ್ತುಕೊಂಡು ಹೋಗಬೇಕಾಗಿಲ್ಲ. ಹೆಚ್ಚು ಖರ್ಚಿಲ್ಲದೆ ಆರಂಭಿಸಬಹುದಾದ ನಾಲ್ಕು ಕೆಲಸಗಳು ನನಗೆ ತೋಚುತ್ತವೆ.

ಮೊದಲನೆಯದಾಗಿ, ಕಚೇರಿಯ ಬಾಗಿಲಲ್ಲಿ ಬಂದವರನ್ನು ‘ಈ ಕೆಲಸಕ್ಕೆ ಇದು ಎಷ್ಟನೆಯ ಸಲ?’ ಎಂದು ಕೇಳಿ ಬರೆದುಕೊಳ್ಳಬೇಕು. ಒಂದು ತಿಂಗಳು ಬರೆದರೆ ಎಲ್ಲಿ ಗಂಟು ಬಿದ್ದಿದೆ ಎಂದು ತಾನಾಗಿ ಗೊತ್ತಾಗುತ್ತದೆ.

ಎರಡನೆಯದಾಗಿ, ಪ್ರತಿ ಸೇವೆಗೂ ಬೇಕಾದ ಕಾಗದಗಳ ಒಂದೇ ಪಟ್ಟಿ, ಸರಳ ಕನ್ನಡದಲ್ಲಿ, ಗೋಡೆಯ ಮೇಲೆ ಇರಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಲಿಖಿತ ಕಾರಣ ಕೊಡಬೇಕು. ಕೊರತೆಗಳನ್ನೆಲ್ಲ ಮೊದಲ ಭೇಟಿಯಲ್ಲೇ ಒಟ್ಟಿಗೆ ಬರೆದುಕೊಡಬೇಕು.

ಮೂರನೆಯದಾಗಿ, ಸರ್ಕಾರದ ಒಂದು ಕಚೇರಿಯಲ್ಲಿರುವ ದಾಖಲೆಯನ್ನು ಇನ್ನೊಂದು ಕಚೇರಿ ತಾನೇ ತರಿಸಿಕೊಳ್ಳಬೇಕು. ಮರಣ ನೋಂದಣಿಯಾದದ್ದೂ ಸರ್ಕಾರದಲ್ಲೇ, ವಂಶವೃಕ್ಷ ಕೊಟ್ಟದ್ದೂ ಸರ್ಕಾರವೇ. ನಡುವೆ ಅಂಚೆಯವನ ಕೆಲಸವನ್ನು ಎಪ್ಪತ್ತು ವರ್ಷದ ಹಿರಿಯರು ಏಕೆ ಮಾಡಬೇಕು?

ನಾಲ್ಕನೆಯದಾಗಿ, ಕೌಂಟರಿನಲ್ಲಿ ಕುಳಿತವರನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಕೇಳಬೇಕು. ಯಾವ ಅರ್ಜಿ ಏಕೆ ವಾಪಸು ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಮೇಲಧಿಕಾರಿಗೆ ಗೊತ್ತಿರುವುದಿಲ್ಲ. ಹಗ್ಗ ಅವರ ಕೈಗೂ ಸಿಗಬೇಕು.

ನಮ್ಮ ಪಾಲು

ಇದನ್ನೆಲ್ಲ ಸರ್ಕಾರಕ್ಕೆ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಧರ್ಮಕೇಂದ್ರಗಳ ಕಚೇರಿಗಳೂ ಜನರಿಗೆ ಕಾಗದ ಕೊಡುವ ಕಚೇರಿಗಳೇ. ಸ್ನಾನದೀಕ್ಷೆಯ ಪ್ರಮಾಣಪತ್ರಕ್ಕೆ ಎಷ್ಟು ಮಂದಿ ಎರಡು ಸಲ ಬರುತ್ತಾರೆ? ‘ಫಾದರ್ ಇಲ್ಲ, ಸಂಜೆ ಬನ್ನಿ’ ಎಂಬ ಮಾತು ನಮ್ಮಲ್ಲೂ ಕೇಳುತ್ತದೆ. ನಾವು ಬರೆದ ಹೆಸರಿನ ಕಾಗುಣಿತವೇ ಶಾಲೆಗೂ ಅಲ್ಲಿಂದ ಆಧಾರ್‌ಗೂ ಹೋಗಿ ಮುಂದೆ ಗಂಟಾದದ್ದೂ ಇದೆ. ಹಿರಿಯರ ಕಥೆ ಕೇಳಿದ ಮೇಲೆ ನಮ್ಮ ಕಚೇರಿಯ ಬಾಗಿಲಲ್ಲಿ ಒಂದು ಪಟ್ಟಿ ಅಂಟಿಸಿದ್ದೇನೆ. ಅದನ್ನು ಮೊದಲೇ ಅಂಟಿಸಬೇಕಿತ್ತು.

ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರು ವಿಧವೆಯರ ಮತ್ತು ವೃದ್ಧರ ಅರ್ಜಿ ತುಂಬಿಸಲು ಸಹಾಯ ಮಾಡುತ್ತಾರೆ. ಅವರು ಇನ್ನೊಂದು ಸಣ್ಣ ಕೆಲಸ ಮಾಡಬಹುದು. ಒಂದು ನೋಟುಪುಸ್ತಕದಲ್ಲಿ ಯಾವ ಕೆಲಸಕ್ಕೆ, ಎಷ್ಟು ಸಲ ಹೋಗಬೇಕಾಯಿತು, ಏನು ಕಾರಣ ಕೊಟ್ಟರು ಎಂದು ಬರೆದಿಡಲಿ. ಅರ್ಜಿ ಕೊಟ್ಟಾಗ ಸಕಾಲದ ರಸೀದಿಯನ್ನು ಕೇಳಿ ಪಡೆಯಲಿ. ಆರು ತಿಂಗಳ ನಂತರ ಆ ಪುಸ್ತಕವನ್ನು ಹಿಡಿದುಕೊಂಡು ತಹಶೀಲ್ದಾರರನ್ನೋ ಶಾಸಕರನ್ನೋ ಕಂಡರೆ ಅದು ಬರೀ ದೂರು ಎನಿಸುವುದಿಲ್ಲ, ಸಾಕ್ಷ್ಯವಾಗುತ್ತದೆ. ಯಲಹಂಕದಲ್ಲಿ ನೆಲೆಸಿದ ನಮ್ಮವರೂ ಇದನ್ನು ಮಾಡಬಹುದು, ಪುತ್ತೂರಿನಲ್ಲಿ ಇರುವವರೂ ಮಾಡಬಹುದು.

ಹಿರಿಯರು ಹೊರಡುವಾಗ ಹೊಸ ಖಾತೆಯ ಪ್ರತಿಯನ್ನು ಚೀಲದಿಂದ ತೆಗೆದು ತೋರಿಸಿದರು. ಹೆಸರು ಸರಿಯಾಗಿತ್ತು, ಗೀಟೂ ಇತ್ತು. “ಇನ್ನು ವಿದ್ಯುತ್ ಮೀಟರಿನ ಹೆಸರು ಬದಲಾಯಿಸಬೇಕು ಫಾದರೇ” ಎಂದರು. ಅದಕ್ಕೆ ಎಷ್ಟು ಸಲ ಹೋದಿರಿ ಎಂದು ಬರೆದಿಡಿ ಎಂದು ಹೇಳಿ ಅವರ ಕೈಗೆ ಒಂದು ಸಣ್ಣ ನೋಟುಪುಸ್ತಕ ಕೊಟ್ಟೆ.